ಜ್ವರ ಎದ್ದ ಮೇಲೆ ಸೊಪ್ಪು

ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಎಂದರೆ ಬೆಂಗಳೂರಿನವರಿಗೆ ನೆನಪಾಗುವುದು ಹಲಸಿನ ಹಣ್ಣು, ಇಲ್ಲವೇ ಘಾಟಿ ಸುಬ್ರಹ್ಮಣ್ಯದ ದಾರಿ. ಇದೇ ಸೀಮೆಯಲ್ಲಿ ಹಿಪ್ಪುನೇರಳೆ ತೋಟಗಳೂ ಇವೆ. ತೋಟ ಇದ್ದಲ್ಲಿ, ಮನೆಯಿಂದ ಸ್ವಲ್ಪ ದೂರಕ್ಕೆ, ಕಿಟಕಿಗಳಿಗೆಲ್ಲ ಬಲೆ ಬಿಗಿದ ಹುಳು ಮನೆ ಇರುತ್ತದೆ. ರೇಷ್ಮೆ ಬೆಳೆಯ ಮಾತು ಬಂದಾಗ ನಾವು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಸೊಪ್ಪು ಹಾಕಿದಿರಿ, ಗೂಡಿಗೆ ಎಷ್ಟು ಬೆಲೆ ಸಿಕ್ಕಿತು? ಈ ಎರಡರ ನಡುವೆ ಹುಳು ಏನನ್ನೂ ತಿನ್ನದ, ಸಾಕುವವರು ಏನನ್ನೂ ಹಾಕಬಾರದ ಕೆಲವು ದಿನಗಳು ಬರುತ್ತವೆ. ರೈತರು ಅದನ್ನು ಜ್ವರ ಎನ್ನುತ್ತಾರೆ. ಅದು ಕಾಯಿಲೆಯಲ್ಲ, ಹುಳು ಹಳೆಯ ಚರ್ಮ ಕಳಚಿ ಹೊಸ ಚರ್ಮ ತೊಡುವ ಹೊತ್ತು. ನನ್ನ ಮಟ್ಟಿಗೆ ಹುಳು ಸಾಕುವ ಕಸುಬಿನ ನಿಜವಾದ ಪರೀಕ್ಷೆ ನಡೆಯುವುದು ಆಗಲೇ.

ಹಿಂದೆ ಮೊಟ್ಟೆಯನ್ನು ಮನೆಗೇ ತಂದು, ಮರಿ ಮಾಡಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳುವಿಗೆ ಚಿಗುರೆಲೆಯನ್ನು ಎಳೆಎಳೆಯಾಗಿ ಹೆಚ್ಚಿ ಹಾಕುತ್ತಿದ್ದರು. ಈಗ ಆ ಎಳವೆಯ ಆರೈಕೆಯನ್ನು ಹೆಚ್ಚಾಗಿ ಚಾಕಿ ಕೇಂದ್ರಗಳು ವಹಿಸಿಕೊಂಡಿವೆ. ಮೊದಲ ಎರಡು ಹಂತಗಳಲ್ಲಿ ಹುಳುವಿಗೆ 27-28 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಗಾಳಿಯಲ್ಲಿ ಶೇ 85ರಷ್ಟು ತೇವ ಬೇಕು, ಮೆತ್ತನೆಯ ಎಲೆ ಬೇಕು. ಇಷ್ಟನ್ನು ಪ್ರತಿ ಮನೆಯಲ್ಲೂ ಒದಗಿಸುವುದು ಕಷ್ಟ. ಹಾಗಾಗಿ ರೈತ ಚಾಕಿ ಕೇಂದ್ರದಿಂದ ಹುಳು ತರುವುದು ಅದು ಎರಡನೇ ಜ್ವರಕ್ಕೆ ಕೂತಿರುವಾಗ ಅಥವಾ ಆಗತಾನೇ ಎದ್ದಿರುವಾಗ. ಒಂದು ಪತಂಗ ಇಡುವ 400-500 ತತ್ತಿಗಳನ್ನು ಒಟ್ಟಾಗಿ ಒಂದು ಮೊಟ್ಟೆ ಎಂದು ಲೆಕ್ಕ ಹಿಡಿಯುತ್ತಾರೆ. ನೂರು ಮೊಟ್ಟೆ ತಂದವರ ಮನೆಗೆ ನಲವತ್ತು ಐವತ್ತು ಸಾವಿರ ಜೀವ ಒಂದೇ ದಿನ ಬಂದಿಳಿಯುತ್ತವೆ. ಬಿಸಿಲೇರುವ ಮೊದಲು, ಇಲ್ಲವೇ ಸಂಜೆ ತಂಪಾದ ಮೇಲೆ, ಗಾಡಿ ಕುಲುಕದಂತೆ ತರಬೇಕು. ಹೊಸ ಮನೆ, ಹೊಸ ಗಾಳಿ, ಮೇಲೆ ಜ್ವರ. ಆದ್ದರಿಂದ ತಂದವರು ಮಾಡುವ ಮೊದಲ ಕೆಲಸ ಸೊಪ್ಪು ಹಾಕುವುದಲ್ಲ, ಕಾಯುವುದು.

ಮೊಟ್ಟೆಯಿಂದ ಹೊರಬಂದ ರೇಷ್ಮೆ ಹುಳು ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ತನ್ನ ತೂಕವನ್ನು ಸುಮಾರು 10,000 ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ಚರ್ಮ ಮಾತ್ರ ಅಷ್ಟಕ್ಕೆ ಹಿಗ್ಗುವುದಿಲ್ಲ. ತಲೆಯ ಚಿಪ್ಪಂತೂ ಕೂದಲೆಳೆಯಷ್ಟೂ ಬೆಳೆಯುವುದಿಲ್ಲ. ಹಾಗಾಗಿ ನಾಲ್ಕು ಸಲ ಎಲ್ಲವನ್ನೂ ಕಳಚಿಡಬೇಕು. ಜ್ವರ ಹತ್ತಿರ ಬಂದಾಗ ಹುಳುವಿನ ಮೈ ಬಿಗಿದು ಹೊಳೆಯುತ್ತದೆ, ಮೇವಿನ ಮೇಲಿನ ಆಸೆ ತಗ್ಗುತ್ತದೆ. ದಪ್ಪನೆಯ ಮೈಗೆ ತಲೆ ತೀರಾ ಚಿಕ್ಕದಾಗಿ ಕಾಣುತ್ತದೆ, ತಲೆಯ ಹಿಂದೆ ಕಪ್ಪು ಮುಕ್ಕೋನದಂಥ ಗುರುತು ಮೂಡುತ್ತದೆ. ಹಳೆಯ ತಲೆಯ ಹಿಂದೆ ಹೊಸ ತಲೆ ತಯಾರಾಗುತ್ತಿರುವ ಸೂಚನೆ ಅದು. ಆಮೇಲೆ ಹುಳು ಸೊಪ್ಪಿನ ಹಾಸಿಗೆಯ ಮೇಲೆ ನಾಲ್ಕೆಳೆ ರೇಷ್ಮೆ ಬಿಟ್ಟು, ಹಿಂಗಾಲುಗಳನ್ನು ಅದಕ್ಕೆ ಬಲವಾಗಿ ಸಿಕ್ಕಿಸಿ, ಎದೆಯನ್ನು ಮೇಲೆತ್ತಿ ಅಲುಗಾಡದೆ ಕೂರುತ್ತದೆ. ಮೊದಲ ಮೂರು ಜ್ವರಗಳಲ್ಲಿ ಈ ಕೂರುವಿಕೆ ಒಂದು ದಿನದಷ್ಟು. ನಾಲ್ಕನೆಯದು ಒಂದೂವರೆ ದಿನಕ್ಕೂ ಎಳೆಯಬಹುದು.

ಕೂತ ಹುಳು ಸುಮ್ಮನಿದೆ ಎಂದುಕೊಂಡರೆ ತಪ್ಪು. ಹಳೆಯ ಚರ್ಮದ ಕೆಳಗೆ ಹೊಸ ಚರ್ಮ ಹೆಣೆದುಕೊಳ್ಳುತ್ತಿರುತ್ತದೆ, ಎರಡರ ನಡುವೆ ಜಾರುವ ದ್ರವ ತುಂಬುತ್ತದೆ, ಹಳೆಯ ಚರ್ಮದ ಒಳಪದರ ಕರಗಿ ಮತ್ತೆ ಮೈಗೆ ಸೇರುತ್ತದೆ. ಕೊನೆಗೆ ತಲೆಯ ಹಿಂದೆ ಚರ್ಮ ಬಿರಿಯುತ್ತದೆ. ಹುಳು ಅಲೆಯಲೆಯಾಗಿ ಮೈ ಕುಗ್ಗಿಸಿ ಹಿಗ್ಗಿಸಿ ಮುಂದಕ್ಕೆ ಸರಿಯುತ್ತದೆ. ಹಾಸಿಗೆಗೆ ಸಿಕ್ಕಿಸಿದ ರೇಷ್ಮೆ ಎಳೆ ಹಳೆಯ ಚರ್ಮವನ್ನು ಹಿಂದೆ ಹಿಡಿದುಕೊಂಡಿರುವುದರಿಂದ ಅದು ಕಾಲುಚೀಲದ ಹಾಗೆ ಕಳಚಿ ಉಳಿಯುತ್ತದೆ. ಮೂತಿಯ ಮೇಲೆ ಅಂಟಿಕೊಂಡ ಹಳೆಯ ತಲೆಚಿಪ್ಪು ಮುಖವಾಡದಂತೆ ಕೆಳಗೆ ಬೀಳುತ್ತದೆ. ಈ ಹೊತ್ತಿನಲ್ಲಿ ಯಾರಾದರೂ ಹಾಸಿಗೆ ಅಲುಗಿಸಿ ಆ ಎಳೆ ಕಿತ್ತುಹೋದರೆ ಚರ್ಮಕ್ಕೆ ಹಿಡಿತವೇ ಇಲ್ಲ. ಹುಳು ಅರ್ಧ ಕಳಚಿ ಸಿಕ್ಕಿಬೀಳುತ್ತದೆ. ಜ್ವರದಲ್ಲಿರುವ ತಟ್ಟೆಯನ್ನು ಮುಟ್ಟಬೇಡಿ ಎಂದು ಹಿರಿಯರು ಮಕ್ಕಳನ್ನು ಗದರುವುದು ಇದಕ್ಕೇ.

ಇನ್ನು ಆರೈಕೆ. ಹುಳು ಜ್ವರದ ಕಡೆಗೆ ವಾಲುತ್ತಿದ್ದಂತೆ ಸೊಪ್ಪನ್ನು ತೆಳ್ಳಗೆ ಹಾಕಿ, ಹಾಸಿಗೆಯನ್ನು ಅಗಲವಾಗಿ ಹರಡುತ್ತಾರೆ. ದಪ್ಪ ಹಾಸಿಗೆಯ ಅಡಿಯಲ್ಲಿ ಹೂತ ಹುಳುವಿಗೆ ಹಿಕ್ಕೆಯ ಕಾವು, ಕೊಳೆತ ಸೊಪ್ಪಿನ ತೇವ ಎರಡೂ ಕಾಟ ಕೊಡುತ್ತವೆ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹುಳು ಕೂತವೆಂದು ಕಂಡ ಕೂಡಲೇ ಮೇವು ನಿಲ್ಲಿಸಬೇಕು. ಅರಳಿಸಿದ ಸುಣ್ಣದ ಪುಡಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಧೂಳು ಕೂರುವಷ್ಟು ಮಾತ್ರ ಹಾಸಿಗೆಯ ಮೇಲೆ ಉದುರಿಸುತ್ತಾರೆ. ಸುಣ್ಣ ಎರಡು ಕೆಲಸ ಮಾಡುತ್ತದೆ: ತೇವ ಹೀರುತ್ತದೆ, ಉಳಿದ ಸೊಪ್ಪನ್ನು ಒಣಗಿಸಿ ಬೇಗ ಎದ್ದ ಹುಳುವಿಗೆ ಸಿಗದಂತೆ ಮಾಡುತ್ತದೆ. ಬೇಸಿಗೆಯಲ್ಲಿ ತಂಪಿಗೆಂದು ಇಳಿಬಿಟ್ಟಿದ್ದ ಒದ್ದೆ ಗೋಣಿತಾಟುಗಳನ್ನು ತೆಗೆಯುತ್ತಾರೆ. ಮೇಯುವಾಗ ಬೇಕಾಗಿದ್ದ ತೇವ ಈಗ ಬೇಡ, ಶೇ 70ಕ್ಕಿಂತ ಕೆಳಗಿದ್ದರೆ ಒಳ್ಳೆಯದು. ಗಾಳಿ ಆಡಬೇಕು, ನೇರವಾಗಿ ಬೀಸಬಾರದು. ಬೆಳಕು ಮಂದವಾಗಿರಬೇಕು.

ಇಷ್ಟೆಲ್ಲ ಹೇಳಿಕೊಟ್ಟರೆ ಯಾರಾದರೂ ಕಲಿತಾರು. ಕಲಿಯಲು ವರ್ಷಗಳು ಬೇಕಾಗುವುದು ಮುಂದಿನದ್ದು, ಮತ್ತೆ ಯಾವಾಗ ಸೊಪ್ಪು ಹಾಕಬೇಕೆಂಬ ತೀರ್ಮಾನ. ನಲವತ್ತು ಸಾವಿರ ಹುಳುವೂ ಒಟ್ಟಿಗೇ ಏಳುವುದಿಲ್ಲ. ಮೊದಲು ಎದ್ದವು ಹೊಸ ದೊಡ್ಡ ತಲೆ, ಸಡಿಲ ಚರ್ಮದೊಂದಿಗೆ ಹಸಿದು ಅತ್ತಿತ್ತ ತಡಕಾಡುತ್ತವೆ. ನೋಡಿದವರ ಕರುಳು ಚುರುಕ್ ಎನ್ನುತ್ತದೆ. ಆದರೆ ಆ ಹಸಿವು ಕಂಡು ಸೊಪ್ಪು ಹಾಕಿದರೆ ಇಡೀ ಬೆಳೆ ಹೆಚ್ಚುಕಮ್ಮಿಯಾಗುತ್ತದೆ. ಎದ್ದವು ತಿಂದು ಮುಂದೆ ಹೋಗುತ್ತವೆ, ಇನ್ನೂ ಕೂತಿರುವವು ಹಸಿ ಸೊಪ್ಪಿನ ಅಡಿ ಸಿಕ್ಕಿಕೊಳ್ಳುತ್ತವೆ. ಮುಂದಿನ ಜ್ವರದ ಹೊತ್ತಿಗೆ ಅಂತರ ಇನ್ನಷ್ಟು ಹಿಗ್ಗಿರುತ್ತದೆ. ಗೂಡು ಕಟ್ಟುವ ಕಾಲಕ್ಕೆ ಒಂದೇ ತಟ್ಟೆಯಲ್ಲಿ ಹಣ್ಣಾದ ಹುಳು, ಇನ್ನೂ ಮೇಯುತ್ತಿರುವ ಕಾಯಿ ಹುಳು ಬೆರೆತು, ಒಂದು ದಿನದಲ್ಲಿ ಮುಗಿಯಬೇಕಾದ ಕೆಲಸ ಮೂರು ದಿನ ಎಳೆಯುತ್ತದೆ. ಬೇಗ ಎದ್ದ ಹುಳು ಕೆಲವು ಗಂಟೆ ಹಸಿವು ತಡೆಯಬಲ್ಲದು. ಅದರ ಬಾಯಿಯ ಭಾಗಗಳೂ ಗಟ್ಟಿಯಾಗಲು ಸ್ವಲ್ಪ ಹೊತ್ತು ಬೇಕು. ಹಾಗೆಂದು ಕೊನೆಯ ಹುಳು ಏಳುವವರೆಗೂ ಕಾದರೆ ಮೊದಲಿನವು ಸೊರಗುತ್ತವೆ. ನೂರಕ್ಕೆ ತೊಂಬತ್ತೈದು ಎದ್ದ ಹೊತ್ತು ಸರಿಯಾದ ಹೊತ್ತು ಎಂದು ಪುಸ್ತಕ ಹೇಳುತ್ತದೆ. ಆ ತೊಂಬತ್ತೈದನ್ನು ಎಣಿಸದೆ, ತಟ್ಟೆಯ ಮೇಲೆ ಒಂದು ನೋಟ ಹಾಯಿಸಿ ಹೇಳುವ ಹೆಂಗಸರು ಈ ಸೀಮೆಯ ಹುಳು ಮನೆಗಳಲ್ಲಿ ಇದ್ದಾರೆ. ರಾತ್ರಿ ಎದ್ದು ಹೋಗಿ ನೋಡುವವರೂ ಹೆಚ್ಚಾಗಿ ಅವರೇ. ಪಹಣಿಯಲ್ಲಿ ಹೆಸರು ಬೇರೆಯವರದ್ದಿರಬಹುದು, ಬೆಳೆ ಉಳಿದಿರುವುದು ಇವರ ಕಣ್ಣಿನಿಂದ. ಅದನ್ನು ನಾವು ಸಾಕಷ್ಟು ಹೇಳಿಲ್ಲ ಎಂಬ ಕೊರಗು ನನಗಿದೆ.

ಜ್ವರ ಎದ್ದ ಹುಳುವಿಗೆ ಮೊದಲ ಮೇವು ಕೊಡುವ ಅರ್ಧ ಗಂಟೆ ಮೊದಲು ಹಾಸಿಗೆಗೆ ಸೋಂಕು ನಿವಾರಕ ಪುಡಿ ಉದುರಿಸುತ್ತಾರೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ರೂಪಿಸಿದ ‘ವಿಜೇತ’ ಇವುಗಳಲ್ಲಿ ರೈತರಿಗೆ ಹೆಚ್ಚು ಪರಿಚಿತ. ಹೊಸ ಚರ್ಮ ಇನ್ನೂ ಎಳೆಯದಾಗಿರುವಾಗ ಸೋಂಕು ಸುಲಭವಾಗಿ ತಗಲುತ್ತದೆ, ಅದಕ್ಕೆ ಈ ಕಾವಲು.

ಜ್ವರದ ದಿನ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಎಲ್ಲವೂ ಕೂತಿರುವಾಗ ಕೂರದೆ ಅಲೆಯುವ ಹುಳು ಕಣ್ಣಿಗೆ ಬೀಳುತ್ತದೆ. ಹಾಲುತೊಂಡೆ ರೋಗದ ಹುಳು ಹೀಗೇ. ಅದರ ಮೈ ಊದಿ, ಗೆಣ್ಣುಗಳು ಉಬ್ಬಿ, ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ದ್ರವ ಸುರಿಯುತ್ತದೆ. ಆ ದ್ರವದ ತುಂಬ ವೈರಾಣು. ಅಂಥ ಹುಳುವನ್ನು ಕಡ್ಡಿಯಲ್ಲಿ ಎತ್ತಿ ಬ್ಲೀಚಿಂಗ್ ಪುಡಿಯ ನೀರಿಗೆ ಹಾಕಿ, ಆಮೇಲೆ ಹೂಳುತ್ತಾರೆ. ಗಂಟು ರೋಗದ ಕತೆ ಬೇರೆ. ಅದು ತಾಯಿ ಪತಂಗದಿಂದಲೇ ಮೊಟ್ಟೆಗೆ ದಾಟುತ್ತದೆ. 1865ರಲ್ಲಿ ಫ್ರಾನ್ಸಿನ ಅಲೆಸ್ ಸೀಮೆಯ ರೇಷ್ಮೆ ಬೆಳೆಗಾರರು ಈ ರೋಗದಿಂದ ಕಂಗೆಟ್ಟಿದ್ದಾಗ ಲೂಯಿ ಪಾಶ್ಚರ್ ಅಲ್ಲಿಗೆ ಹೋಗಿ ವರ್ಷಗಟ್ಟಲೆ ದುಡಿದರು. ಮೊಟ್ಟೆ ಇಟ್ಟ ಪತಂಗವನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಅದರ ಮೊಟ್ಟೆಯನ್ನು ಸುಡುವ ಕ್ರಮ ಅವರಿಂದ ಬಂತು. ಇಂದಿಗೂ ನಮ್ಮ ಮೊಟ್ಟೆ ಕೇಂದ್ರಗಳು ಆ ಕ್ರಮವನ್ನೇ ನೆಚ್ಚಿಕೊಂಡಿವೆ. ರೈತ ಕೊಳ್ಳುವ ‘ರೋಗರಹಿತ ಮೊಟ್ಟೆ’ಯ ಬೆನ್ನಿಗಿರುವುದು ಆ ಪರೀಕ್ಷೆ.

ಚರ್ಮ ಕಳಚುವುದು ರೇಷ್ಮೆ ಹುಳುವೊಂದರ ಪಾಡಲ್ಲ. ಜೇಡ, ಚೇಳು, ಸೀಗಡಿ, ನಮ್ಮ ಗದ್ದೆಯ ಏಡಿ ಎಲ್ಲಕ್ಕೂ ಇದೇ ದಾರಿ. ಖಾಲಿ ಶಂಖವನ್ನು ಮನೆ ಮಾಡಿಕೊಳ್ಳುವ ಸನ್ಯಾಸಿ ಏಡಿಯನ್ನು ಈಗ ಕೆಲವು ನಗರಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಸಾಕುತ್ತಾರೆ. ನೆಲದ ಮೇಲೆ ಬದುಕುವ ಜಾತಿಯದು ಒದ್ದೆ ಮರಳಿನಲ್ಲಿ ಹೂತುಕೊಂಡು ವಾರಗಟ್ಟಲೆ ಕಾಣೆಯಾಗಿ ಪೊರೆ ಕಳಚುತ್ತದೆ. ಸತ್ತಿತೇನೋ ಎಂದು ಗಾಬರಿಯಿಂದ ಅಗೆದು ತೆಗೆದವರ ಕೈಯಲ್ಲಿ ಅದು ನಿಜವಾಗಿಯೂ ಸಾಯಬಹುದು. ಹುಳುವಿಗೂ ಏಡಿಗೂ ಈ ಗಳಿಗೆಯನ್ನು ಸೂಚಿಸುವ ಹಾರ್ಮೋನು ಒಂದೇ ಬಳಗದ್ದು. ಅದನ್ನು ಜಗತ್ತು ಮೊದಲು ಶುದ್ಧ ರೂಪದಲ್ಲಿ ಕಂಡಿದ್ದು ರೇಷ್ಮೆ ಹುಳುವಿನಿಂದಲೇ. 1954ರಲ್ಲಿ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಮತ್ತು ಪೀಟರ್ ಕಾರ್ಲ್‌ಸನ್ ಗೂಡಿನೊಳಗೆ ಹುಳು ತಾಳುವ ರೂಪವಾದ ಕೋಶಗಳನ್ನು ಸುಮಾರು 500 ಕಿಲೊ ಸಂಸ್ಕರಿಸಿ 25 ಮಿಲಿಗ್ರಾಂ ಎಕ್ಡೈಸೋನ್ ಹರಳು ಪಡೆದರು. ಅಷ್ಟು ಅಲ್ಪ ವಸ್ತು ತಟ್ಟೆಯ ಸಾವಿರಾರು ಹುಳುಗಳ ದಿನಚರಿಯನ್ನು ನಡೆಸುತ್ತದೆ.

ತೂಬಗೆರೆಯ ಹವೆ ಹುಳುವಿಗೆ ಒಟ್ಟಿನಲ್ಲಿ ಒಗ್ಗುತ್ತದೆ. ಮಳೆಗಾಲದ ಥಂಡಿ ಮಾತ್ರ ಸುಣ್ಣಕಟ್ಟು ರೋಗ ತರುತ್ತದೆ. ಶಿಲೀಂಧ್ರ ತಗಲಿದ ಹುಳು ಸತ್ತು, ಸುಣ್ಣದ ಕಡ್ಡಿಯ ಹಾಗೆ ಬಿಳಿಚಿ ಗಟ್ಟಿಯಾಗುತ್ತದೆ. ಪುಷ್ಯ ಮಾಸದಲ್ಲಿ ಘಾಟಿಯ ದನಗಳ ಜಾತ್ರೆ, ರಥೋತ್ಸವ ನಡೆಯುವ ಹೊತ್ತಿಗೆ ಚಳಿ ಗಡುಸು. ಹುಳು ಮನೆಗೆ ಕಾವು ಕೊಡದಿದ್ದರೆ ಜ್ವರ ಮುಗಿಯುವುದೇ ತಡವಾಗುತ್ತದೆ. ಜಾತ್ರೆಯ ದಿನಕ್ಕೂ ನಾಲ್ಕನೇ ಜ್ವರಕ್ಕೂ ಗಂಟು ಬಿದ್ದರೆ ಮನೆಯವರಲ್ಲಿ ಒಬ್ಬರು ತೇರು ನೋಡುವುದನ್ನು ಬಿಡಲೇಬೇಕು. ಇನ್ನೊಂದು ದೊಡ್ಡ ಭಯ ಅಕ್ಕಪಕ್ಕದ ದ್ರಾಕ್ಷಿ, ಹೂವು, ತರಕಾರಿಗೆ ಹೊಡೆಯುವ ಔಷಧಿ. ಗಾಳಿಯಲ್ಲಿ ತೇಲಿ ಬಂದ ತುಂತುರು ಸೊಪ್ಪಿನ ಮೇಲೆ ಕೂತರೆ ಇಡೀ ಬೆಳೆ ಒಂದು ಹೊತ್ತಿನಲ್ಲಿ ಹೋಗುತ್ತದೆ. ಔಷಧಿ ಹೊಡೆಯುವ ಮುಂಚೆ ‘ಅಣ್ಣ, ಹುಳ ಇದೆಯಾ?’ ಎಂದು ಕೇಳುವ ನೆರೆಯವನಿಗಿಂತ ದೊಡ್ಡ ವಿಮೆ ಇಲ್ಲ. ಹೊಗೆಸೊಪ್ಪು ಅಗಿದವರನ್ನು, ಬೀಡಿ ಸೇದಿದವರನ್ನು ಹುಳು ಮನೆಯ ಬಾಗಿಲಲ್ಲೇ ತಡೆಯುವುದೂ ಬರೀ ಕಟ್ಟುಪಾಡಲ್ಲ, ನಿಕೋಟಿನ್ ಹುಳುವಿಗೆ ವಿಷ.

ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಮನೆಯವರಿಗೆ ಬಿಡುವಿಲ್ಲ. ಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಖರ್ಚಾಗುವುದು ಈ ವಾರದಲ್ಲೇ. ಕಡ್ಡಿ ಸಮೇತ ಕೊಯ್ದ ಸೊಪ್ಪನ್ನು ಹೊರೆಹೊರೆಯಾಗಿ ಹಾಕುತ್ತಾರೆ, ರಾತ್ರಿ ಹುಳು ಮನೆಯಲ್ಲಿ ನಿಂತರೆ ಮೇಯುವ ಸದ್ದು ಕೇಳುತ್ತದೆ. ಇದೇ ವಾರ ಊಜಿ ನೊಣದ ಕಾಟವೂ ಹೆಚ್ಚು. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಈ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಹೊಕ್ಕು ಹುಳುವನ್ನೇ ತಿನ್ನುತ್ತದೆ. ಎಳೆಯ ಹುಳುವಾದರೆ ಆ ಮೊಟ್ಟೆ ಒಡೆಯುವ ಮೊದಲೇ ಜ್ವರ ಬಂದು, ಕಳಚಿದ ಚರ್ಮದ ಜೊತೆಗೆ ಅದೂ ಹೋಗಿಬಿಡಬಹುದು. ಐದನೇ ಹಂತದ ಹುಳುವಿಗೆ ಆ ಅವಕಾಶ ಇಲ್ಲ. ಕಿಟಕಿಯ ಬಲೆಯೊಂದೇ ಅದಕ್ಕೆ ಆಸರೆ.

ಹಣ್ಣಾದ ಹುಳುವನ್ನು ಆರಿಸಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಟ್ಟ ಮೇಲೂ ಕಾಯುವ ಕೆಲಸ ಮುಗಿಯುವುದಿಲ್ಲ. ಎರಡು ಮೂರು ದಿನದಲ್ಲಿ ಗೂಡು ಕಟ್ಟಿ ಮುಗಿಸಿದ ಹುಳು ಅದರೊಳಗೆ ಇನ್ನೊಂದು ಸಲ ಚರ್ಮ ಕಳಚಿ ಕೋಶವಾಗುತ್ತದೆ. ಈ ಸಲದ್ದು ಯಾರಿಗೂ ಕಾಣುವುದಿಲ್ಲ. ದರ ಚೆನ್ನಾಗಿದೆಯೆಂದು ಅವಸರಪಟ್ಟು ಬಿಡಿಸಿದರೆ ಎಳೆಯ ಕೋಶ ಒಡೆದು ಗೂಡಿನ ಒಳಗೆ ಕಲೆ ಹತ್ತುತ್ತದೆ, ನೂಲು ಬಿಚ್ಚುವಾಗ ತೊಂದರೆ. ಐದಾರು ದಿನ ಕಳೆದು, ಗೂಡನ್ನು ಕಿವಿಯ ಬಳಿ ಅಲುಗಿಸಿದಾಗ ಕೋಶ ಗಟ್ಟಿಯಾಗಿ ತಟ್ಟುವುದು ಕೇಳಿದ ಮೇಲೆಯೇ ಗೂಡು ಬಿಡಿಸಬೇಕು. ಈ ಕಡೆಯವರಿಗೆ ದೇವನಹಳ್ಳಿ ತಾಲ್ಲೂಕಿನ ವಿಜಯಪುರ, ಅದರಾಚೆಗೆ ಶಿಡ್ಲಘಟ್ಟ ಹತ್ತಿರದ ದೊಡ್ಡ ಮಾರುಕಟ್ಟೆಗಳು. ಅಲ್ಲಿ ನೂಲು ಬಿಚ್ಚುವ ರೀಲರು ಒಂದು ಹಿಡಿ ಗೂಡು ಎತ್ತಿ ಹಿಸುಕಿ ನೋಡಿ, ಕೆಲವನ್ನು ಅಲುಗಿಸಿ, ಆಮೇಲೆ ಹರಾಜಿನಲ್ಲಿ ಬೆಲೆ ಕಟ್ಟುತ್ತಾರೆ. ಗೂಡು ಒಂದೇ ಸಮನಾಗಿದ್ದರೆ ಅದು ಅವರ ಕೈಗೆ ತಕ್ಷಣ ತಿಳಿಯುತ್ತದೆ.

ಮಾರಿ ಬಂದವರು ಹುಳು ಮನೆಯನ್ನು ತೊಳೆದು, ತಟ್ಟೆಗಳನ್ನು ಬಿಸಿಲಿಗೆ ಹಾಕಿ, ಔಷಧಿ ಸಿಂಪಡಿಸಿ ಬಾಗಿಲು ಮುಚ್ಚುತ್ತಾರೆ. ಮುಂದಿನ ಬೆಳೆಗೆ ಚಾಕಿ ಕೇಂದ್ರದಲ್ಲಿ ಹೆಸರು ಬರೆಸುವಾಗ ಅವರು ನೋಡುವ ತಾರೀಖು ಎರಡು: ತೋಟದ ಸೊಪ್ಪು ಕೊಯ್ಲಿಗೆ ಬರುವ ದಿನ, ಮತ್ತು ಹುಳು ಎರಡನೇ ಜ್ವರ ಏಳುವ ದಿನ.