ಕಫ ಕಟ್ಟಿದ ಶ್ವಾಸನಾಳಕ್ಕೆ ಉಸಿರಿನ ಮೂಲಕವೇ ಔಷಧ

ಕ್ಷಯರೋಗಕ್ಕೆ ಪೂರ್ಣ ಚಿಕಿತ್ಸೆ ಪಡೆದು ಗುಣಮುಖರಾದ ಎಷ್ಟೋ ಸದ್ಭಕ್ತರು ವರ್ಷಗಳ ತರುವಾಯವೂ ಕೆಮ್ಮುತ್ತಲೇ ಇರುತ್ತಾರೆ. ಮುಂಜಾನೆ ಎದ್ದೊಡನೆ ಬಟ್ಟಲು ತುಂಬುವಷ್ಟು ಹಳದಿ, ಹಸಿರು ಕಫ. ಇಷ್ಟಲಿಂಗ ಪೂಜೆಗೆ ಕುಳಿತರೂ ನಡುವೆ ಏಳಬೇಕಾದ ಸಂಕಟ. ಕ್ಷಯವೇ ಮರುಕಳಿಸಿತೆಂದು ಹೆದರಿ ಕೆಲವರು ಪರೀಕ್ಷೆಯಿಲ್ಲದೆ ಹಳೆಯ ಗುಳಿಗೆಗಳನ್ನೇ ಮತ್ತೆ ನುಂಗುವುದುಂಟು. ಕಫದಲ್ಲಿ ಕ್ಷಯದ ರೋಗಾಣು ಕಾಣದಿದ್ದರೆ ಅದು ಬ್ರಾಂಕಿಯೆಕ್ಟಾಸಿಸ್ ಎಂಬ ಬೇರೆಯೇ ವ್ಯಾಧಿಯಾಗಿರಬಹುದು.

ಸ್ಟೆತೊಸ್ಕೋಪನ್ನು ರೂಪಿಸಿದ ಫ್ರಾನ್ಸಿನ ವೈದ್ಯ ಲೆನೆಕ್ 1819ರಲ್ಲಿಯೇ ಇದನ್ನು ವರ್ಣಿಸಿದ್ದನು. ಶ್ವಾಸನಾಳಗಳ ಗೋಡೆ ಹಾಳಾಗಿ ಅವು ಶಾಶ್ವತವಾಗಿ ಹಿಗ್ಗುತ್ತವೆ; ಕಫವನ್ನು ಮೇಲಕ್ಕೆ ತಳ್ಳುವ ಶಕ್ತಿ ಕುಂದುತ್ತದೆ. ಭಾರತದ 2195 ರೋಗಿಗಳ ವಿವರ ಕಲೆಹಾಕಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವರಿಗೆ ಹಿಂದಿನ ಕ್ಷಯವೇ ಮೂಲವಾಗಿತ್ತು. ಎದೆಯ ಸಿ.ಟಿ. ಸ್ಕ್ಯಾನ್‌ನಿಂದ ರೋಗ ಖಚಿತವಾಗುತ್ತದೆ.

ನಿಂತ ನೀರಿನಲ್ಲಿ ಪಾಚಿ ಕಟ್ಟುವಂತೆ ನಿಂತ ಕಫದಲ್ಲಿ ಬ್ಯಾಕ್ಟೀರಿಯಾಗಳು ನೆಲೆಯೂರುತ್ತವೆ. ಅವುಗಳಲ್ಲಿ ಸ್ಯೂಡೋಮೋನಾಸ್ ಬಹು ಹಟಮಾರಿ. ತನ್ನ ಸುತ್ತ ಲೋಳೆಯ ಹೊದಿಕೆ ನೇಯ್ದು ಅಡಗುವ ಇದನ್ನು ಕೊಲ್ಲಲು ಔಷಧದ ಸಾಂದ್ರತೆ ಬಹಳವಿರಬೇಕು. ರಕ್ತದ ಮೂಲಕ ಅಷ್ಟನ್ನು ಕಳುಹಿಸಿದರೆ ಮೂತ್ರಪಿಂಡಕ್ಕೂ ಕಿವಿಗೂ ಅಪಾಯ. ಔಷಧವನ್ನು ಸೂಕ್ಷ್ಮ ಮಂಜಾಗಿಸಿ ಉಸಿರಿನೊಡನೆ ನೇರವಾಗಿ ಶ್ವಾಸಕೋಶಕ್ಕಿಳಿಸಿದರೆ ಅಲ್ಲಿ ಅದು ಯಥೇಚ್ಛವಾಗಿ ದೊರೆಯುತ್ತದೆ, ರಕ್ತಕ್ಕೆ ಸೇರುವುದು ಸ್ವಲ್ಪವೇ.

ಟೊಬ್ರಾಮೈಸಿನ್, ಕೊಲಿಸ್ಟಿನ್ ಇಂತಹ ಔಷಧಗಳು. ಟೊಬ್ರಾಮೈಸಿನ್ನನ್ನು ಹಲವೆಡೆ 28 ದಿನ ಸೇವಿಸಿ 28 ದಿನ ಬಿಡುವ ಕ್ರಮವಿದೆ. ಆದರೆ ಕೆಮ್ಮುವವರೆಲ್ಲರಿಗೂ ಇದು ಬೇಕಿಲ್ಲ. ಯುರೋಪಿನ ಶ್ವಾಸಕೋಶ ತಜ್ಞರ ಸಂಘವು 2017ರಲ್ಲಿ ನೀಡಿದ ಸಲಹೆಯಂತೆ, ಸ್ಯೂಡೋಮೋನಾಸ್ ಬೇರೂರಿದ್ದು ವರ್ಷಕ್ಕೆ ಮೂರು ಅಥವಾ ಹೆಚ್ಚು ಬಾರಿ ರೋಗ ಉಲ್ಬಣಿಸುವವರಿಗೆ ಇದನ್ನು ದೀರ್ಘಕಾಲ ಕೊಡಬಹುದು. ಹಿಗ್ಗಿದ ನಾಳವನ್ನು ಇದು ಮೊದಲಿನಂತೆ ಮಾಡಲಾರದು. ಸಂಶೋಧನೆಗಳ ಫಲವೂ ಎಲ್ಲೆಡೆ ಒಂದೇ ಆಗಿಲ್ಲ. ರೋಗಾಣುವಿನ ಹೊರೆ ತಗ್ಗಿದರೂ ಉಲ್ಬಣ ಎಲ್ಲ ಅಧ್ಯಯನಗಳಲ್ಲಿ ಕಡಿಮೆಯಾಗಿಲ್ಲ. ಆದುದರಿಂದ ಕಫದ ಕಲ್ಚರ್ ಪರೀಕ್ಷೆ ಮಾಡಿಸದೆ ಇದನ್ನು ಆರಂಭಿಸುವುದು ನನಗೆ ಸರಿಯೆನಿಸದು.

ಮೊದಲ ಮಾತ್ರೆಯನ್ನು, ಅಂದರೆ ಮೊದಲ ಸಲದ ಪ್ರಮಾಣವನ್ನು, ಆಸ್ಪತ್ರೆಯಲ್ಲಿಯೇ ಸೇವಿಸಬೇಕು. ಕೆಲವರಿಗೆ ಶ್ವಾಸನಾಳ ತಟ್ಟನೆ ಬಿಗಿದು ಉಬ್ಬಸ ಬರುವುದರಿಂದ ವೈದ್ಯರು ಮುಂಚೆಯೂ ಅನಂತರವೂ ಊದುವ ಪರೀಕ್ಷೆ ಮಾಡಿ ನೋಡುತ್ತಾರೆ. ಮನೆಯಲ್ಲಿ ಮೊದಲು ನಾಳ ಹಿಗ್ಗಿಸುವ ಇನ್‌ಹೇಲರ್, ಬಳಿಕ ಉಸಿರಾಟದ ವ್ಯಾಯಾಮದಿಂದ ಕಫ ಹೊರಹಾಕುವುದು, ಕೊನೆಗೆ ಆಂಟಿಬಯಾಟಿಕ್. ಈ ಕ್ರಮ ತಪ್ಪಿದರೆ ದುಬಾರಿ ಔಷಧವು ಕಫದ ಮೇಲೆಯೇ ಕುಳಿತುಬಿಡುತ್ತದೆ. ಚುಚ್ಚುಮದ್ದಿನ ಸೀಸೆಯನ್ನು ಸ್ವಂತ ಬುದ್ಧಿಯಿಂದ ನೆಬ್ಯುಲೈಜರಿಗೆ ಸುರಿಯಬಾರದು. ಕಿವಿಯಲ್ಲಿ ಗುಂಯ್‌ಗುಟ್ಟುವಿಕೆ ತೋರಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ನೆಬ್ಯುಲೈಜರಿನ ಬಟ್ಟಲು, ಮುಖವಾಡಗಳನ್ನು ಪ್ರತಿ ಸಲವೂ ತೊಳೆದು ಪೂರ್ಣ ಒಣಗಿಸುವುದು ಮುಖ್ಯ. ಸ್ಯೂಡೋಮೋನಾಸ್‌ಗೆ ತೇವವೇ ತವರು. ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳುತ್ತೇನೆ: ಇಂತಹವರು ಇರುವ ಮನೆಯ ಪೂಜಾಕೋಣೆಯಲ್ಲಿ ಲೋಬಾನ, ಊದುಬತ್ತಿಗಳ ಹೊಗೆ ಬೇಡ. ಪತ್ರೆ, ಪುಷ್ಪ, ವಿಭೂತಿ ಸಾಕು.

ವೈದ್ಯರ ಬಳಿಗೆ ಹೋಗುವಾಗ ಹಳೆಯ ಕ್ಷಯ ಚಿಕಿತ್ಸೆಯ ಚೀಟಿ, ಎದೆಯ ಚಿತ್ರಗಳು ಹಾಗೂ ಕಳೆದ ವರ್ಷ ಎಷ್ಟು ಬಾರಿ ಜ್ವರ ಬಂದು ಕಫ ಹೆಚ್ಚಿತೆಂಬ ಲೆಕ್ಕವನ್ನು ಬರೆದು ಒಯ್ಯಿರಿ. ಕಫದಲ್ಲಿ ರಕ್ತ ಕಂಡರೆ ಮಾತ್ರ ಚೀಟಿ ಹುಡುಕುತ್ತ ಕೂರದೆ ಅಂದೇ ಹೊರಡಿರಿ.