ಎಂಜಿನ್ ಪದೇ ಪದೇ ಹೀಟ್ ಆಗುತ್ತಿದೆಯೇ? ಮೊದಲು ನೀರನ್ನು ನೋಡಿ



ಹಿಂಡಿದ ಹಾಲು ಕೆಚ್ಚಲಿನಿಂದ ಬರುವಾಗ ಸುಮಾರು 38 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಅದನ್ನು 4 ಡಿಗ್ರಿಗೆ ತಂಪು ಮಾಡುವವರೆಗೆ ಹಾಲನ್ನು ಹುಳಿ ಮಾಡುವ ಸೂಕ್ಷ್ಮಜೀವಿಗಳು ಬೆಳೆಯುತ್ತಲೇ ಇರುತ್ತವೆ. ಬೇಸಿಗೆಯಲ್ಲಿ ಕ್ಯಾನ್ ಹೊತ್ತ ಗಾಡಿಯ ಎಂಜಿನ್ ಕಾದು ನಡುದಾರಿಯಲ್ಲಿ ನಿಂತರೆ ಹಾನಿ ಗಾಡಿಯ ಮಾಲೀಕನಿಗೆ ಮಾತ್ರವಲ್ಲ, ಹಾಲು ಹಾಕಿದ ಎಲ್ಲರಿಗೂ. ಮನೆಯ ಕಾರಿರಲಿ, ಹಾಲಿನ ಟೆಂಪೋ ಇರಲಿ, ಪರೀಕ್ಷಿಸುವ ಕ್ರಮ ಒಂದೇ.

ಎಂಜಿನ್ ಯಾವಾಗ ಕಾಯುತ್ತದೆ ಎಂಬುದನ್ನು ಮೊದಲು ಗಮನಿಸಿರಿ. ಗದಗ-ಬೆಟಗೇರಿ ಪೇಟೆಯ ದಟ್ಟಣೆಯಲ್ಲಿ ಕಾದು, ಊರು ದಾಟಿ ಓಡತೊಡಗಿದ ಮೇಲೆ ತಣ್ಣಗಾದರೆ ದೋಷ ಬಹುತೇಕ ಫ್ಯಾನಿನದು. ಬೆಲ್ಟ್ ಸಡಿಲವಾಗಿರಬಹುದು, ಕರೆಂಟಿನ ಫ್ಯಾನ್ ಆದರೆ ಫ್ಯೂಜ್ ಅಥವಾ ರಿಲೇ ಹೋಗಿರಬಹುದು. ಲಕ್ಷ್ಮೇಶ್ವರ ರಸ್ತೆಯಲ್ಲಿ ವೇಗವಾಗಿ ಓಡುವಾಗ, ಇಲ್ಲವೆ ಡೋಣಿಯ ಕಡೆ ಕಪ್ಪತಗುಡ್ಡದ ಏರಿನಲ್ಲಿ ಕಾದರೆ ರೇಡಿಯೇಟರ್ ಕಟ್ಟಿದೆ, ಥರ್ಮೋಸ್ಟ್ಯಾಟ್ ತೆರೆಯುತ್ತಿಲ್ಲ ಅಥವಾ ವಾಟರ್ ಪಂಪ್ ಸೋತಿದೆ ಎಂದು ತಿಳಿಯಿರಿ. ಥರ್ಮೋಸ್ಟ್ಯಾಟನ್ನು ಕಿತ್ತೊಗೆದು ಗಾಡಿ ಕಳಿಸುವ ಮೇಸ್ತ್ರಿಗಳಿದ್ದಾರೆ. ಅದು ಸರಿಯಲ್ಲ. ಎಂಜಿನ್ ಬೇಕಾದ ಶಾಖಕ್ಕೆ ಬರದೆ ಇಂಧನ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು.

ಇನ್ನು ರೇಡಿಯೇಟರ್ ಕಟ್ಟುವುದೇಕೆ? ಹೊರಗಿನಿಂದ ಧೂಳು, ಶೇಂಗಾ ಹೊಟ್ಟು, ಕಣದ ಕಸ ಕೂತು ಗಾಳಿ ಆಡುವುದಿಲ್ಲ. ಇದನ್ನು ಎಂಜಿನ್ ಆರಿದ ಮೇಲೆ ಹಿಂಬದಿಯಿಂದ ಮೆಲ್ಲಗೆ ನೀರು ಬಿಟ್ಟು ತೊಳೆಯಬಹುದು. ಒಳಗಿನದು ಕಠಿಣ. ನಮ್ಮ ಭಾಗದ ಎಷ್ಟೋ ಬೋರುಗಳ ನೀರು ಗಡಸು. ಬಚ್ಚಲಮನೆಯ ಹಂಡೆಯೊಳಗೆ ಬಿಳಿಯ ಪದರು ಕಟ್ಟುವುದನ್ನು ನೀವು ಕಂಡೇ ಇದ್ದೀರಿ. ಅದೇ ಪದರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ, ಎಂಜಿನ್ನಿನ ಒಳಗೋಡೆಗೂ ಕಟ್ಟುತ್ತದೆ. ಮುಂಡರಗಿ ಭಾಗದಲ್ಲಿ ನೀರೆಂದರೆ ಫ್ಲೋರೈಡಿನ ಮಾತು ಬರುತ್ತದೆ. ಅದು ಹಲ್ಲು, ಎಲುಬಿಗೆ ಕೇಡು. ರೇಡಿಯೇಟರಿಗೆ ಕೇಡು ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳಿಂದ. ಆದ್ದರಿಂದ ದಾರಿಬದಿಯ ಬೋರಿನಿಂದ ಕೊಡ ತುಂಬಿ ಸುರಿಯುವ ರೂಢಿ ಬಿಡಿರಿ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟನ್ನು ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ ಬೆರೆಸಿ ಹಾಕಿರಿ. ತುರ್ತಿಗೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಬೋರಿನ ನೀರಿಗಿಂತ ಎಷ್ಟೋ ವಾಸಿ. ಕ್ಯಾನ್ ತೊಳೆಯುವ ಸೋಡಾ ಹಾಕಿ ರೇಡಿಯೇಟರ್ ತೊಳೆಯಬೇಡಿರಿ. ಈಗಿನವು ಹೆಚ್ಚಾಗಿ ಅಲ್ಯೂಮಿನಿಯಂ, ಸೋಡಾ ಅದನ್ನು ತಿನ್ನುತ್ತದೆ.

ಮುಳ್ಳು ಕೆಂಪು ಗೆರೆಗೆ ಹೋದರೆ ಏ.ಸಿ. ಆರಿಸಿ, ಗಾಡಿಯನ್ನು ನೆರಳಿಗೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿರಿ. ಅರ್ಧ ತಾಸಾದರೂ ಕಾಯಿರಿ. ಬಿಸಿಯಿರುವಾಗ ಮುಚ್ಚಳ ತೆಗೆಯಲೇಬಾರದು. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ಬಿಚ್ಚಿದ ಕ್ಷಣ ಕುದಿದು ಮುಖಕ್ಕೆ ಹಾರುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಕರೆಂಟಿನ ಫ್ಯಾನ್ ಎಂಜಿನ್ ಆರಿದ ಮೇಲೂ ತಾನಾಗಿ ತಿರುಗಬಲ್ಲದು, ಕೈ ದೂರವಿರಲಿ.

ಎಲ್ಲಿಯೂ ಸೋರದೆ ನೀರು ಕಡಿಮೆಯಾಗುತ್ತಿದ್ದರೆ ಆಯಿಲ್ ಕಡ್ಡಿ ಎಳೆದು ನೋಡಿರಿ. ಆಯಿಲ್ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಸೈಲೆನ್ಸರಿನಿಂದ ಎಡೆಬಿಡದೆ ಬಿಳಿ ಹೊಗೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಅಂಥ ಗಾಡಿಯನ್ನು ಓಡಿಸದೆ ಎಳೆಸಿಕೊಂಡು ಹೋಗಿರಿ. ಹಾಲನ್ನು ತಡಮಾಡದೆ ಬೇರೆ ಗಾಡಿಗೆ ಏರಿಸಿರಿ.

ದನಕರು ಕಟ್ಟಿದವರು ಮರೆಯಬಾರದ ಮಾತೊಂದಿದೆ. ಸಾಮಾನ್ಯ ಕೂಲೆಂಟಿನಲ್ಲಿರುವ ಎಥಿಲಿನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ಅಂಗಳದಲ್ಲಿ ಚೆಲ್ಲಿದ್ದನ್ನು ಕರು, ನಾಯಿ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುವುದುಂಟು. ನೆಕ್ಕಿದೆ ಎಂಬ ಸಂಶಯ ಬಂದರೂ ಕೂಡಲೇ ಪಶುವೈದ್ಯರನ್ನು ಕರೆಸಿರಿ. ಹಳೆಯ ಕೂಲೆಂಟನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿಗೆ ಒಪ್ಪಿಸಿರಿ. ಹಾಲಿನ ಕ್ಯಾನು, ಅಳತೆಯ ಪಾತ್ರೆಗಳನ್ನು ಆ ಕೆಲಸಕ್ಕೆ ಮುಟ್ಟಲೂಬಾರದು.