ಹಸಿರು ಚಹಾ: ನಿಮ್ಮ ನಾಲಿಗೆಗೆ ಹಿಡಿಸುವುದು ಯಾವುದು?

ಸಾತಪುರದ ಎಂಐಡಿಸಿ ಪರಿಸರದಲ್ಲಿ ಹೋಟೆಲ್ ನಡೆಸುವ ನಮ್ಮವರಿಗೆ ಚಹಾ ಎಂದರೆ ಪಾಳಿ ಬಿಡುವ ಹೊತ್ತಿನ ಕಟಿಂಗ್. ಶುಂಠಿ, ಹಾಲು, ಸಕ್ಕರೆ ಹಾಕಿ ಕುದಿಸಿದಷ್ಟೂ ರುಚಿ. ಅದೇ ಕೈ ಅಭ್ಯಾಸದಲ್ಲಿ ಹಸಿರು ಚಹಾ ಮಾಡಹೊರಟರೆ ಕೆಡುತ್ತದೆ. ಆಫೀಸಿನ ಗಿರಾಕಿ ಗ್ರೀನ್ ಟೀ ಕೇಳುತ್ತಾರೆ. ಮಾಣಿ ಕುದಿಯುವ ನೀರಿಗೆ ಒಂದು ಚೀಲ ಇಳಿಬಿಟ್ಟು ತಂದಿಡುತ್ತಾನೆ. ಸಾದಾ ಚಹಾಕ್ಕಿಂತ ಹೆಚ್ಚು ದುಡ್ಡು ಕೊಟ್ಟವರು ಅರ್ಧಕ್ಕೇ ಬಿಟ್ಟು ಏಳುತ್ತಾರೆ, ಮರುದಿನ ಕೇಳುವುದಿಲ್ಲ. ನಾನೂ ಬಹಳ ವರ್ಷ ಇದೊಂದು ಕಹಿ ಕಷಾಯ ಎಂದೇ ತಿಳಿದಿದ್ದೆ. ತಪ್ಪು ಎಲೆಯದಲ್ಲ, ನೀರಿನದು.

ಮೊದಲೇ ಒಂದು ಮಾತು. ಇಲ್ಲಿನ ಪೇಟೆಯಲ್ಲಿ 'ಹರಿ ಪತ್ತಿ' ಕೇಳಿದರೆ ಗವತಿ ಚಹಾ, ಅಂದರೆ ನಮ್ಮ ಮಜ್ಜಿಗೆ ಹುಲ್ಲಿನ ಕಟ್ಟು ಕೈಗೆ ಬರಬಹುದು. ಅದಕ್ಕೂ ಚಹಾ ಗಿಡಕ್ಕೂ ಸಂಬಂಧವಿಲ್ಲ.

ಕಪ್ಪು ಚಹಾ, ಹಸಿರು ಚಹಾ ಎರಡೂ ಒಂದೇ ಗಿಡದ ಎಲೆ. ಕಪ್ಪು ಚಹಾಕ್ಕೆ ಎಲೆಯನ್ನು ಬಾಡಿಸಿ, ಉಜ್ಜಿ, ಗಾಳಿಗೆ ಕಪ್ಪಾಗಲು ಬಿಡುತ್ತಾರೆ. ಹಸಿರು ಚಹಾಕ್ಕೆ ಕೊಯ್ದ ಬೇಗನೆ ಕಾವು ಕೊಟ್ಟು ಆ ಬದಲಾವಣೆಯನ್ನು ತಡೆಯುತ್ತಾರೆ. ಕಾವು ಕೊಡುವ ರೀತಿಯಲ್ಲೇ ರುಚಿಯ ಗುಟ್ಟು ಇದೆ. ಚೀನಾದಲ್ಲಿ ಹೆಚ್ಚಾಗಿ ಬಿಸಿ ಬಾಣಲೆಯಲ್ಲಿ ಹುರಿಯುತ್ತಾರೆ. ಹಾಂಗ್‌ಝೌ ಕಡೆಯ ಲಾಂಗ್‌ಜಿಂಗ್‌ನಲ್ಲಿ ಹುರಿದ ಬೀಜದ ಘಮ ಇರುವುದು ಅದಕ್ಕೇ. ಜಪಾನಿನ ಸೆಂಚಾ ಹಬೆಯಲ್ಲಿ ಬೆಂದದ್ದು. ಹಸಿ ಸೊಪ್ಪಿನ ರುಚಿ. ಒಂದೆಲಗದ ತಂಬುಳಿ ಇಷ್ಟಪಡುವವರಿಗೆ ಇದು ಹಿಡಿಸೀತು, ಉಳಿದವರು ಮುಖ ಸಿಂಡರಿಸಿದರೂ ಆಶ್ಚರ್ಯವಿಲ್ಲ. ಫಿಲ್ಟರ್ ಕಾಫಿ ಬಿಡಲಾಗದವರು ಹೊಜಿಚಾ ನೋಡಬಹುದು; ಹಸಿರು ಎಲೆಯನ್ನೇ ಮತ್ತೆ ಹುರಿದದ್ದು, ಕಹಿ ಕಡಿಮೆ. ಹುರಿದ ಅಕ್ಕಿ ಬೆರೆಸಿದ ಗೆನ್‌ಮೈಚಾ ಕೂಡ ನಮ್ಮವರಿಗೆ ಅಪರಿಚಿತ ಅನಿಸಲಾರದು. ಮಲ್ಲಿಗೆಯ ಪರಿಮಳ ಹಿಡಿಸಿದ ಚಹಾವೂ ಇದೆ.

ದೇಶದೊಳಗೇ ಬೇಕೆಂದರೆ ಹಿಮಾಚಲದ ಕಾಂಗ್ರಾ ಇದೆ. ಅಲ್ಲಿನ ಚಹಾಕ್ಕೆ 2005ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನೀಲಗಿರಿ, ಡಾರ್ಜಿಲಿಂಗ್‌ಗಳಲ್ಲೂ ಹಸಿರು ಚಹಾ ಆಗುತ್ತದೆ. ಏಲಕ್ಕಿ, ಚಕ್ಕೆ, ಬಾದಾಮಿ, ಕೇಸರಿ ಹಾಕುವ ಕಾಶ್ಮೀರದ ಕಹ್ವಾ ಮಸಾಲೆ ಚಹಾದವರಿಗೆ ಸುಲಭದ ಮೆಟ್ಟಿಲು.

ಆರಿಸುವುದು ಹೀಗೆ. ಮೂರು ಬಗೆಯನ್ನು ಸ್ವಲ್ಪ ಸ್ವಲ್ಪ ತನ್ನಿ. ಚೀಲದ ಪುಡಿ ಬೇಡ, ಬಿಡಿ ಎಲೆ ಇರಲಿ. ಪುಡಿ ಬೇಗ ಬಿಟ್ಟುಕೊಂಡು ಒಗರಾಗುತ್ತದೆ. ಮೂರು ಲೋಟಕ್ಕೂ ಎಲೆ 2 ಗ್ರಾಂ, ನೀರು 150 ಮಿ.ಲೀ., ಹೊತ್ತು 2 ನಿಮಿಷ. ಕುದಿ ನೀರು ಕಹಿ, ಒಗರನ್ನು ಒಮ್ಮೆಲೇ ಎಳೆದುಬಿಡುತ್ತದೆ. ಸುಮಾರು 80 ಡಿಗ್ರಿ ಸಾಕು. ಥರ್ಮಾಮೀಟರ್ ಬೇಕಿಲ್ಲ. ಮೂರು ಲೋಟ ಕುದಿ ನೀರಿಗೆ ಒಂದು ಲೋಟ ತಣ್ಣನೆಯ ಶುದ್ಧ ನೀರು ಬೆರೆಸಿದರೆ ಹತ್ತಿರ ಹತ್ತಿರ ಅಷ್ಟೇ ಆಗುತ್ತದೆ. ಸೆಂಚಾಕ್ಕೆ ಇನ್ನೂ ಸ್ವಲ್ಪ ಆರಿಸಿ. ಹೊಜಿಚಾಕ್ಕೆ ಮಾತ್ರ ಕುದಿ ನೀರೇ ನಡೆಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಮೇಲೆ ಕೆನೆಯಂತೆ ಪದರ ಕಟ್ಟಿ ರುಚಿ ಸತ್ತುಹೋಗುತ್ತದೆ, ಫಿಲ್ಟರ್ ನೀರು ಬಳಸಿ. ಸಕ್ಕರೆ, ನಿಂಬೆ, ಜೇನು ಹಾಕದೆ ಮೊದಲು ಹಾಗೇ ಕುಡಿಯಿರಿ. ಒಂದೇ ದಿನಕ್ಕೆ ತೀರ್ಮಾನ ಬೇಡ. ಸಾಂಬಾರ್ ರುಚಿ ನೋಡಿದ ಬಾಯಿಯಲ್ಲಂತೂ ಬೇಡವೇ ಬೇಡ.

ಒಳ್ಳೆಯ ಎಲೆಗೆ ಎರಡನೇ ಸಲವೂ ನೀರು ಹಾಕಬಹುದು. ಅದೇ ಗಿರಾಕಿಗೆ ಅದೇ ಪಾಟ್‌ನಲ್ಲಿ ಇನ್ನೊಮ್ಮೆ ಬಿಸಿನೀರು ಕೊಟ್ಟರೆ ಅವರಿಗೆ ಖುಷಿ, ನಮಗೆ ಖರ್ಚಿಲ್ಲ. ಆದರೆ ಮೆನು ಕಾರ್ಡಿನಲ್ಲಿ 'ತೂಕ ಇಳಿಸುತ್ತದೆ' ಎಂದು ಬರೆಯುವುದು ಬೇಡ, ನಾವು ವೈದ್ಯರಲ್ಲ. ಊಟದ ಜೊತೆ ಕುಡಿದರೆ ಆಹಾರದ ಕಬ್ಬಿಣದಂಶ ದೇಹಕ್ಕೆ ಸೇರುವುದು ಕಡಿಮೆಯಾಗುತ್ತದೆ. ಕೇಳಿದವರಿಗೆ ಒಂದು ಗಂಟೆ ಬಿಟ್ಟು ಕುಡಿಯಲು ಹೇಳಿ. ಕೆಫೀನ್ ಇದರಲ್ಲೂ ಇದೆ.

ಇನ್ನು ದಾಸ್ತಾನು. ಈ ಎಲೆ ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರುತ್ತದೆ. ಇಂಗು, ಸಾಂಬಾರ್ ಪುಡಿಯ ಕಪಾಟಿನಿಂದ ದೂರ, ಬೆಳಕು ತಾಗದ ಬಿಗಿ ಡಬ್ಬಿಯಲ್ಲಿ, ಗಲ್ಲಾದ ಹತ್ತಿರ ಇಡಿ. ಒಂದು ಸಲಕ್ಕೆ 100 ಗ್ರಾಂಗಿಂತ ಹೆಚ್ಚು ತರಬೇಡಿ.